ನೋವಿಲ್ಲದ ಕೈ

ನದಿ ದಂಡೆಯ ಮಠದಲ್ಲಿ ನಿರುಪಾದಜ್ಜ ಎಲುಬು ಕಟ್ಟುತ್ತಿದ್ದರು. ಶರಭಯ್ಯ ಅವರ ಶಿಷ್ಯ. ಮೂರು ವರ್ಷ ಕಲಿತಿದ್ದ. ಹಾಗಾಗಿ ಯಾವ ನೋವು ಕಂಡರೂ ಅವನಿಗೆ ಎಲುಬೇ ಕಾಣುತ್ತಿತ್ತು.

ಅಜ್ಜ ಊರಲ್ಲಿಲ್ಲದ ದಿನ ಕಂಚುಗಾರ ಮೌನೇಶಾಚಾರಿ ಬಂದ. ಬಲಮೊಣಕೈ ಮಡಚಿದರೆ ಟಕ್ ಎನ್ನುತ್ತಿತ್ತು. ಒಳಮಗ್ಗುಲಲ್ಲಿ ನೋವು, ಕಿರುಬೆರಳಲ್ಲಿ ಜುಮುಜುಮು.

ಎಲುಬು ಜಾರಿದೆ ಎಂದು ಶರಭಯ್ಯ ಒಮ್ಮೆ ಜಗ್ಗಿದ. ಕೈ ಮಡಚಿಸಿ, ಬಿದಿರ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದ. ಇನ್ನು ಸುತ್ತಿಗೆಯ ಆಸೆ ಬಿಡು ಎಂದೂ ಹೇಳಿಬಿಟ್ಟ.

ನಾಲ್ಕನೆಯ ದಿನ ಆಚಾರಿ ಮತ್ತೆ ಬಂದಾಗ ಕಿರುಬೆರಳು ಮುಟ್ಟಿದರೂ ತಿಳಿಯುತ್ತಿರಲಿಲ್ಲ. ಕಂಚು ಬಡಿಯುವುದು ಬಿಟ್ಟು ಬೇರೇನೂ ಗೊತ್ತಿಲ್ಲದ ಮನುಷ್ಯ. ಅಷ್ಟರಲ್ಲಿ ಊರಿಗೆ ಮರಳಿದ್ದ ಅಜ್ಜನ ಮುಂದೆ ಕೂತು ಅತ್ತ.

ಅಜ್ಜ ಕಟ್ಟು ಬಿಚ್ಚಿದರು.

"ಎಲುಬು ಜಾರೇತಿ ಅಂತ ಯಾರು ಹೇಳಿದ್ರು?"

"ಸಪ್ಪಳ ಹೇಳಿತರಿ, ಅಜ್ಜಾರ," ಎಂದ ಶರಭಯ್ಯ.

ಅಜ್ಜ ಆ ಬಲಗೈ ಒತ್ತಿ ನೋಡಲಿಲ್ಲ. ಆಚಾರಿಯ ಎಡಗೈ ಹಿಡಿದರು. ಮೊಣಕೈಯ ಒಳಬದಿಯ ಎಲುಬಿನ ಉಬ್ಬಿನ ಮೇಲೆ ಶಿಷ್ಯನ ಬೆರಳಿಟ್ಟು, ಮೆಲ್ಲಗೆ ಮಡಚಿದರು. ಬೆರಳಡಿ ಹುರಿಯಂಥದ್ದೊಂದು ಉಬ್ಬು ಹತ್ತಿ ಆಚೆ ಇಳಿಯಿತು. ಟಕ್.

ಆಚಾರಿ ಬೆರಗಾದ. ಈ ಕೈ ಎಂದೂ ನೋವು ಕೊಟ್ಟಿರಲಿಲ್ಲ.

"ಅದು ನರ," ಎಂದರು ಅಜ್ಜ. ಎರಡೂ ಕೈಯಲ್ಲಿ ಅದು ಮೊದಲಿನಿಂದ ಹೀಗೇ ಜಾರುತ್ತಿದೆ. ಬಲಗೈಯದು ದುಡಿದು ಬಾತಿದೆ, ಅಷ್ಟೆ. ಮಡಚಿ ಕಟ್ಟಿದ್ದರಿಂದ ಇನ್ನಷ್ಟು ಬಿಗಿದು ಬೆರಳು ಮರಗಟ್ಟಿತು.

ಹೇಗೆ ಮಲಗುತ್ತೀ ಎಂದು ಕೇಳಿದರು. ಕೈ ಮಡಚಿ ತಲೆಯಡಿ ಇಟ್ಟುಕೊಂಡು ಎಂದ ಆಚಾರಿ. ಕೈ ನೀಡಿಯೇ ಮಲಗುವಂತೆ ಮೆತ್ತನೆಯ ಅರಿವೆ ಸಡಿಲವಾಗಿ ಸುತ್ತಿಕೊಟ್ಟರು. ಸುತ್ತಿಗೆಗೆ ಆರು ವಾರ ರಜೆ. ವಾರದೊಳಗೆ ಬೆರಳಿಗೆ ಸ್ಪರ್ಶ ತಿಳಿಯದಿದ್ದರೆ ತಡಮಾಡದೆ ದೊಡ್ಡಾಸ್ಪತ್ರೆಗೆ ಹೋಗಬೇಕೆಂದರು.

ಅದಾದ ಐದನೆಯ ದಿನ ಬೆರಳಿಗೆ ತಣ್ಣೀರು ತಣ್ಣಗೆ ತಿಳಿಯಿತು.

ಎರಡು ತಿಂಗಳ ಮೇಲೆ ಆಚಾರಿ ತಾನೇ ಬಡಿದ ಊಟದ ಗಂಗಾಳ ತಂದು ಅಜ್ಜನ ಕಾಲಿಗೆರಗಿದ. ಮೊಣಕೈ ಈಗಲೂ ಟಕ್ ಎನ್ನುತ್ತದೆ, ಎನ್ನಲಿ ಬಿಡ್ರಿ ಎಂದು ನಕ್ಕ.

ಶರಭಯ್ಯನ ಕಣ್ಣು ತುಂಬಿತು. ಅವನೂ ಎರಗಿದ.

"ಅವರ ಕೈ ಉಳಿಸಿದ್ರಿ, ನನ್ನೂ ಉಳಿಸಿದ್ರಿ. ನಿಮ್ಮ ಉಪಕಾರ ದೊಡ್ಡದರಿ, ಅಜ್ಜಾರ."

ಅಜ್ಜ ಕಾಲು ಹಿಂದಕ್ಕೆಳೆದುಕೊಂಡು ಆಚಾರಿಯ ಎಡಗೈ ತೋರಿಸಿದರು.

"ಪಾಠ ಹೇಳಿದ್ದು ಅದು ನೋಡಪಾ. ನೋವು ಇಲ್ಲಂತ ಅದನ್ನ ಯಾರೂ ಕೇಳಿದ್ದಿಲ್ಲ."