ಬಸರಿಹಾಳಿನ ಶಾಲುಗಲ್ಲು

ಬಸರಿಹಾಳಿನ ಹಳ್ಳ ದಾಟಿದರೆ ಬಲಗಡೆಗೆ ಒಂದು ಕರಿಯ ಗುಂಡುಕಲ್ಲು ಕಾಣುತ್ತದೆ. ಅದರ ಹೆಗಲಿನಿಂದ ಬುಡದವರೆಗೆ ಬಿಳಿಯ ಪಟ್ಟೆ ಇಳಿದಿದೆ, ಪಟ್ಟೆಯ ತುದಿಗೆ ಒಂದು ಹಳದಿ ಕಲೆ. ನೋಡಲು ಬಂದವರು ಸುಣ್ಣವೋ ಹಕ್ಕಿ ಹಿಕ್ಕೆಯೋ ಎಂದು ಉಗುರಿನಿಂದ ಕೆರೆದು ನೋಡುತ್ತಾರೆ. ಎರಡೂ ಅಲ್ಲ. ಗೌಡನೊಬ್ಬ ಬಿಟ್ಟುಹೋದ ಮಾನ ಅದು ಎನ್ನುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಬಸರಿಹಾಳಿನ ಬಯಲಾಟವೆಂದರೆ ಸುತ್ತ ಹತ್ತೂರಿಗೆ ಹುಚ್ಚು. ದೀಪದೆಣ್ಣೆಗೆ ಗತಿಯಿಲ್ಲದ ಊರು, ಹಾಗಾಗಿ ಆಟ ಹಗಲಲ್ಲೇ. ಅಟ್ಟಣೆಯ ಮೇಲೆ ಕೆಂಪು ಬಾವುಟ ಏರಿತೆಂದರೆ ಹಂಚಿನ ಮೇಲಿನ ರೊಟ್ಟಿಯನ್ನು ಅಲ್ಲೇ ಸೀಯಲು ಬಿಟ್ಟು ಓಡುತ್ತಿದ್ದರು. ಬಡವರು ಬಿಸಿಲಲ್ಲಿ ನಿಂತು ಹುರಿಗಡಲೆ ಮೆಲ್ಲುವುದು, ವೇಷ ಹಿಡಿಸದಿದ್ದರೆ ಅದನ್ನೇ ಎಸೆಯುವುದು. ಗೌಡ ಸಿದ್ರಾಮಪ್ಪನಿಗೆ ಮಾತ್ರ ಅಟ್ಟಣೆಯ ಮೇಲೆಯೇ, ವೇಷಗಳ ನಡುವೆ, ಮಣೆ. ಆಟ ನೋಡುವುದಕ್ಕಿಂತ ತನ್ನ ಬಿಳಿಯ ಜರಿಶಾಲನ್ನು ಊರಿಗೆ ತೋರಿಸುವುದೇ ಅವನಿಗೆ ಹೆಚ್ಚು. ಅವನ ತಂಗಿ ಹೊನ್ನವ್ವನ ಕಥೆ ಗೊತ್ತಿಲ್ಲದವರು ಯಾರು? ಗಂಡ ಸತ್ತ ಮೇಲೆ ಹೊಲದಾಸೆಗೆ ಮೈದುನಂದಿರು ಇಲ್ಲದ ಅಪವಾದ ಹೊರಿಸಿ, ತುರುಬು ಹಿಡಿದು ಚಾವಡಿಗೆ ಎಳೆದು ತಂದಿದ್ದರು. ನ್ಯಾಯ ಹೇಳಬೇಕಾದ ಅಣ್ಣ ತಲೆ ತಗ್ಗಿಸಿ ಅಡಿಕೆ ಕತ್ತರಿಸುತ್ತ ಕುಳಿತಿದ್ದ. ಬೀಗರು ಬಲವಂತರು, ನೋಡಿ. ಅವಳು ಹಳ್ಳದಾಚೆಯ ಗುಡಿಸಲು ಸೇರಿದಳು.

ಮರುವರ್ಷ ದ್ರೌಪದಿಯ ಆಟ. ಹೆಂಗಸರು ವೇಷ ಕಟ್ಟುವ ಕಾಲವೇ ಅದು? ದ್ರೌಪದಿಯಾದವನು ನೇಕಾರರ ಈರಣ್ಣ. ಮುಖಕ್ಕೆ ಬಳಿದ ಹಳದಿ ಅರದಾಳದ ಕೆಳಗೆ ಗಡ್ಡ ಹಸಿರಾಗಿ ಕಾಣುತ್ತಿತ್ತು. ಆದರೂ ಗಂಟಲು ಎಂಥದು! ದುಶ್ಶಾಸನ ಜಡೆಗೆ ಕೈಹಾಕಿದಾಗ, "ಈ ಸಭೆಯಲ್ಲಿ ನನಗೆ ಅಣ್ಣ ಎನ್ನುವವನು ಒಬ್ಬನೂ ಇಲ್ಲವೆ?" ಎಂದು ಅತ್ತ. ಗೌಡನಿಗೆ ಅದೇನಾಯಿತೋ, ಎದ್ದವನೇ ದುಶ್ಶಾಸನನ ಕೆನ್ನೆಗೆ ಬಾರಿಸಿ, ತನ್ನ ಶಾಲನ್ನು ಈರಣ್ಣನಿಗೆ ಹೊದಿಸಿಬಿಟ್ಟ. ಜನ ಶಿಳ್ಳೆ ಹೊಡೆದರು. ಗೌಡನ ಎದೆ ಉಬ್ಬಿತು.

ಕೆಳಗೆ ಸೂಲಗಿತ್ತಿ ನಿಂಗಜ್ಜಿ ಕಡಲೆ ಅಗಿಯುವುದನ್ನು ನಿಲ್ಲಿಸಿದಳು. "ಗಡ್ಡದ ದ್ರೌಪದಿಗೆ ಶಾಲು ಹೊದಿಸಿದಿ ಗೌಡಾ, ಚಲೋ ಆತು. ನಮ್ಮ ಹೊನ್ನಿಯನ್ನ ಎಳಕೊಂಡು ಬಂದ ದಿನ ಇದನ್ನ ಅಗಸರ ಮನಿಗೆ ಹಾಕಿದ್ದಿಯೇನು?"

ಯಾರೂ ನಗಲಿಲ್ಲ. ನಕ್ಕಿದ್ದರೆ ಅವನು ಹೇಗೋ ಬದುಕಿಕೊಳ್ಳುತ್ತಿದ್ದ. ಊರಿಗೆ ಊರೇ ನೆಲ ನೋಡಿತು. ಅವತ್ತು ಚಾವಡಿಯ ಸುತ್ತ ನಿಂತು ನೋಡಿದವರೂ ಇವರೇ ತಾನೆ. ಗೌಡ ಈರಣ್ಣನ ಹೆಗಲಿಂದ ಶಾಲು ತೆಗೆದುಕೊಂಡು ಅಟ್ಟಣೆ ಇಳಿದ, ಹಳ್ಳ ದಾಟಿದ, ಗುಡಿಸಲ ಮುಂದೆ ನಿಂತು ಅದನ್ನು ತಂಗಿಯ ಕಡೆಗೆ ಚಾಚಿದ. ಹೊನ್ನವ್ವ ಶಾಲಿನ ಅಂಚಿಗೆ ಮೆತ್ತಿದ್ದ ಹಳದಿಯನ್ನು ನೋಡಿದಳು.

"ಇದಕ್ಕೆ ವೇಷದ ಬಣ್ಣ ಹತ್ತೈತಿ ಅಣ್ಣಾ. ಆಟದಾಕಿಗೆ ಕೊಟ್ಟದ್ದು ಆಕಿಗೇ ಇರಲಿ. ನನ್ನ ಚಳಿ ಯಾವಾಗೋ ಹೋತು."

ಕದ ಮುಚ್ಚಿತು. ಅವನು ಶಾಲನ್ನು ಬಾಗಿಲೆದುರಿನ ಕಲ್ಲಿಗೆ ಹೊದಿಸಿ ಹೋದ. ಮಳೆ ಬಿಸಿಲು ಅರಿವೆಯನ್ನು ತಿಂದವು, ಗುರುತು ಉಳಿಯಿತು ಎನ್ನುತ್ತಾರೆ. ಆಮೇಲೆ ಸಾಯುವವರೆಗೂ ಗೌಡ ಬಿಸಿಲಲ್ಲಿ ನಿಂತೇ ಆಟ ನೋಡಿದನಂತೆ.

ಗುಡಿಸಲು ಈಗಿಲ್ಲ, ಕಲ್ಲು ಇದೆ. ಬಸರಿಹಾಳಿನಲ್ಲಿ ಇಂದಿಗೂ ಆಟದ ದಿನ ಅಟ್ಟಣೆಯ ಮೇಲೆ ಒಂದು ಖಾಲಿ ಮಣೆ ಹಾಕುತ್ತಾರೆ. ದೊಡ್ಡ ಮನುಷ್ಯರು ಯಾರಾದರೂ ಅತ್ತ ಹೆಜ್ಜೆಯಿಟ್ಟರೆ ಕೆಳಗಿನಿಂದ ಯಾವಳೋ ಮುದುಕಿ ಕೇಳಿಯೇ ಕೇಳುತ್ತಾಳೆ: "ಶಾಲು ತಂದೀರೇನ್ರೀ?" ಅವರು ಸುಮ್ಮನೆ ಇಳಿದು ಬಂದು ಬಿಸಿಲಲ್ಲಿ ನಿಲ್ಲುತ್ತಾರೆ.