ಕಿಚ್ಚವ್ವನ ದಿಬ್ಬ

ಕರಿಬೆಣಚಿಗೆ ಹಳ್ಳ ದಾಟಿ ಬರುವವರಿಗೆ ಊರಿಗಿಂತ ಮೊದಲು ಒಂದು ಬೋಳು ದಿಬ್ಬ ಕಾಣಿಸುತ್ತದೆ. ಸುತ್ತಲೂ ಕಾಡಿಗೆಯಂಥ ಎರೆಭೂಮಿ. ನಡುವೆ ಇದೊಂದು ಮಾತ್ರ ಬೂದಿಬಿಳುಪು. ಅದರ ಮೇಲೆ ಹುಲ್ಲು ಹುಟ್ಟುವುದಿಲ್ಲ, ಆಡು ಹತ್ತುವುದಿಲ್ಲ. ಕಿಚ್ಚವ್ವನ ದಿಬ್ಬವೆಂದು ಅದರ ಹೆಸರು. ಹೆಸರು ಕೇಳಿದ ಹೊಸಬರು ಮೇಲೊಂದು ಗುಡಿ ಇರಬೇಕೆಂದು ತೆಂಗಿನಕಾಯಿ ಹಿಡಿದು ಹತ್ತಿ, ಏನೂ ಕಾಣದೆ ಇಳಿದು ಬರುತ್ತಾರೆ. ಕಿಚ್ಚು ಎಂಬುದು ಕನ್ನಡಿಗರೆಲ್ಲರ ಮಾತು. ಅಡವಿಗೆ ಬಿದ್ದರೆ ಕಾಳ್ಗಿಚ್ಚು, ನೆರೆಮನೆಯ ಏಳಿಗೆ ಕಂಡು ಎದ್ದರೆ ಹೊಟ್ಟೆಕಿಚ್ಚು. ತೆಂಕಣ ಸೀಮೆಯಲ್ಲಿ ಸಂಕ್ರಾಂತಿಗೆ ದನ ಹಾಯಿಸುವುದೂ ಕಿಚ್ಚೇ. ಕರಿಬೆಣಚಿಯವರು ಮಾತ್ರ ಆ ಮಾತನ್ನು ಸುಮ್ಮನೆ ಬಾಯಿಗೆ ತರುವುದಿಲ್ಲ. ಒಲೆಯಲ್ಲಿರುವುದು ಅವರಿಗೆ ಉರಿ, ಬೀಡಿ ಹಚ್ಚುವುದಕ್ಕೆ ಬೇಕಾದದ್ದು ಬೆಂಕಿ. ಕಿಚ್ಚು ಎಂದರೆ ಅವರಲ್ಲಿ ನೀರು ಬಿದ್ದರೆ ಏಳುವಂಥದ್ದು. ಆ ಊರಿನಲ್ಲಿ ಅದು ಎದ್ದದ್ದು ಒಂದೇ ಒಂದು ದಿನ ಎನ್ನುತ್ತಾರೆ.

ಹಿಂದೆ ಒಮ್ಮೆ, ಊರಿಗೆ ಬರಮಗೌಡನೆಂಬವನು ಗೌಡಿಕೆ ಮಾಡುತ್ತಿದ್ದ ಕಾಲದಲ್ಲಿ, ಹಳ್ಳದ ದಂಡೆಗೆ ಸುಣಗಾರರ ಒಂದೇ ಮನೆಯಿತ್ತು. ಹಳ್ಳದ ಸುಣ್ಣಕಲ್ಲನ್ನು ಭಟ್ಟಿಯಲ್ಲಿ ಸುಟ್ಟು, ಸುತ್ತಲಿನ ಊರುಗಳ ಗೋಡೆಗೆ, ಗಚ್ಚಿಗೆ, ಎಲೆಯಡಿಕೆಗೆ ಸುಣ್ಣ ಕೊಡುವುದು ಅವರ ಕಸಬು. ಮನೆಯ ಹಿರಿಯಳು ಹೊಳೆವ್ವ. ಗಂಡ ಸತ್ತ ಮೇಲೆ ಭಟ್ಟಿಯ ಯಜಮಾನಿಕೆ ಅವಳದೇ ಆಗಿತ್ತು. ಮಾತು ಒರಟು, ಕೈ ಇನ್ನೂ ಒರಟು. ಊರಿನವರು ಅವಳನ್ನು ಪ್ರೀತಿಸುತ್ತಿರಲಿಲ್ಲ, ಅವಳೂ ಊರನ್ನು ಪ್ರೀತಿಸುತ್ತಿರಲಿಲ್ಲ. ಬರಮಗೌಡ ಆಗ ಕಲ್ಲಿನ ವಾಡೆ ಕಟ್ಟಿಸುತ್ತಿದ್ದ. ಆ ವರ್ಷದ ಮೊದಲ ಭಟ್ಟಿಯ ಸುಣ್ಣವನ್ನು ಅವನ ವಾಡೆಗೆ ಹಾಕಬೇಕಾಗಿದ್ದ ಹೊಳೆವ್ವ ಊರ ಹೊರಗಿನ ಕೇರಿಯವರ ಬಾವಿಗೆ ಕೊಟ್ಟುಬಿಟ್ಟಳು. ಮಳೆಗಾಲದೊಳಗೆ ಗಚ್ಚು ಹಾಕದಿದ್ದರೆ ಆ ಬಾವಿ ಕುಸಿಯುತ್ತಿತ್ತು. ವಾಡೆ ಒಂದು ತಿಂಗಳು ಕಾದರೆ ಏನೂ ಆಗುತ್ತಿರಲಿಲ್ಲ. ಅವಳ ಲೆಕ್ಕ ಅಷ್ಟೇ. ಗೌಡನಿಗೆ ಮಾತ್ರ, ತನ್ನ ಗೋಡೆಗಿಂತ ಮೊದಲು ಹೊರಕೇರಿಯ ಬಾವಿ ಬೆಳ್ಳಗಾದದ್ದು ಊರ ನಡುವೆ ಕಪಾಳಕ್ಕೆ ಹೊಡೆದಂತಾಯಿತು. ಅವನು ಕಾಮಣ್ಣನ ಹಬ್ಬ ಬರಲೆಂದು ಕಾದ.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಹೋಳಿಹುಣ್ಣಿಮೆಯ ರಾತ್ರಿ ಎಲ್ಲರೂ ಒಲೆ ಆರಿಸಿ, ಬೂದಿ ಬಳಿದು ಸಾರಿಸಿಬಿಡಬೇಕು. ನಸುಕಿನಲ್ಲಿ ಗೌಡ ಚಾವಡಿಯ ಮುಂದೆ ಕಾಮಣ್ಣನನ್ನು ಸುಡುತ್ತಾನೆ. ಆ ಕೆಂಡವನ್ನು ಅವನ ಕೈಯಿಂದ ಒಡೆದ ಮಡಕೆಯ ಬೋಕಿಯಲ್ಲಿ ಹಾಕಿಸಿಕೊಂಡು ಹೋಗಿ ಒಲೆ ಹೊತ್ತಿಸಬೇಕು. ಅದು ವರ್ಷದ ಬೆಂಕಿ. ಅದನ್ನು ಕೊಡಲಿಲ್ಲವೆಂದರೆ ಆ ಮನೆ ಊರಿನದಲ್ಲವೆಂದೇ ಅರ್ಥ. ಆಮೇಲೆ ಯಾರೂ ಅವರಿಗೆ ಬೆಂಕಿ ಕೊಡುವಂತಿಲ್ಲ. ಆ ಸಲ ಹೊಳೆವ್ವನ ಮನೆಯಲ್ಲಿ ಸೊಸೆ ಬಾಳವ್ವ ಹಸಿಬಾಣಂತಿ. ದಿನ ತುಂಬದ ಕೂಸು ಹುಟ್ಟಿತ್ತು, ಅಂಗೈಯಲ್ಲಿ ಹಿಡಿಸುವಷ್ಟು. ಮಲಗುವ ಹೊರಸಿನ ಕೆಳಗೆ ಸದಾ ಕೆಂಡವಿಟ್ಟು ತಾಯಿಮಗುವನ್ನು ಬೆಚ್ಚಗಿಡಬೇಕಾಗಿತ್ತು. ಮಗ ಕತ್ತೆಗಳ ಮೇಲೆ ಸುಣ್ಣ ಹೇರಿಕೊಂಡು ಹೊಳೆಯಾಚೆಯ ಸಂತೆಗೆ ಹೋಗಿದ್ದ. ಸುಡುವ ಕೆಲಸ ಮುಗಿದು ಭಟ್ಟಿಯೂ ತಣ್ಣಗಾಗಿತ್ತು. ಪದ್ಧತಿ ಮುರಿಯಬಾರದೆಂದು ಹೊಳೆವ್ವ ಬಾಣಂತಿಯ ಕೆಂಡವನ್ನೂ ಆರಿಸಿ, ಬೋಕಿ ಹಿಡಿದು ಚಾವಡಿಗೆ ಬಂದಳು. ಎಲ್ಲರದೂ ಮುಗಿಯುವವರೆಗೆ ಗೌಡ ಅವಳನ್ನು ನಿಲ್ಲಿಸಿದ.

"ಬಾವ್ಯಾಗ ಸುಣ್ಣಾ ಬಡದಿಯಲ್ಲ," ಎಂದ ಕಡೆಗೆ, "ಹೋಗು, ಬೆಂಕೀನೂ ಅಲ್ಲೇ ಸೇದಕೋ."

ಜನ ನಕ್ಕರು. ಹೊಳೆವ್ವನ ಬೋಕಿ ಚಾಚಿದಂತೆಯೇ ಇತ್ತು. "ನಿಮ್ಮ ಸಿಟ್ಟ ನನ್ನ ಮ್ಯಾಲಿರ್ಲಿ ಗೌಡ್ರ. ಬಾಣಂತಿ ಏನ ಮಾಡ್ಯಾಳ? ಕೂಸು ಸೆಟದ ಹೊಕ್ಕೈತಿ."

"ಸೆಟಕೊಂಡ ಸಾಯ್ಲಿ. ಸುಣಗಾರ ಒಬ್ಬ ಕಡಿಮಿ ಆದ್ರ ಊರೇನ ಮುಳುಗೂದಿಲ್ಲ."

ಅವಳು ಹಿಂದಿರುಗುವಷ್ಟರಲ್ಲಿ ಗೌಡನ ಆಳುಗಳು ಮನೆ ಹೊಕ್ಕು, ಗಂಡ ಬಿಟ್ಟುಹೋಗಿದ್ದ ಚಕಮಕಿಯ ಚೀಲವನ್ನೂ ಎತ್ತಿಕೊಂಡು ಹೋಗಿದ್ದರು. ಹೊರಕೇರಿಗೂ ಸುದ್ದಿ ಮುಟ್ಟಿತ್ತು: ಸುಣಗಾರರಿಗೆ ಕೆಂಡ ಕೊಟ್ಟರೆ ಆ ಬಾವಿಗೆ ಗೌಡ ಕಲ್ಲು ತುಂಬಿಸುತ್ತಾನೆಂದು. ಕೇರಿಯ ಹಿರಿಯನೊಬ್ಬ ಬೇಲಿಯಾಚೆ ನಿಂತು ಕೈ ಮುಗಿದು ಹೋದ. ಒಳಗೆ ಬಾಳವ್ವ ಕೂಸನ್ನು ಮೈಗೆ ಒತ್ತಿಕೊಂಡು ಕುಳಿತಿದ್ದಳು. ಅವಳಿಗೇ ನಡುಕ ಹತ್ತಿತ್ತು; ಹಲ್ಲು ಕಟಕಟ ಎನ್ನುತ್ತಿದ್ದವು. "ಅತ್ತೀ, ಇದು ಅಳೂದು ಬಿಟ್ಟೈತಿ," ಎಂದಳು.

ಸುಣಗಾರರ ಮನೆಯಲ್ಲಿ ಹುಟ್ಟಿದವರಿಗೆಲ್ಲ ಒಂದು ಭಯವಿರುತ್ತದೆ. ಸುಟ್ಟ ಸುಣ್ಣದ ರಾಶಿಯ ಹತ್ತಿರ ತುಂಬಿದ ಕೊಡ ಇಡಬಾರದು, ಮೋಡವಾದರೆ ಸುಣ್ಣದ ಬಂಡಿ ಹೂಡಬಾರದು. ಹೊಳೆವ್ವ ಚಿಕ್ಕವಳಿದ್ದಾಗ ಅವಳ ಅಪ್ಪನ ಬಂಡಿ ಅಕಾಲದ ಮಳೆಗೆ ಸಿಕ್ಕಿತ್ತು. ನೆನೆದ ಬಂಡಿಯೇ ಒಳಗಿನಿಂದ ಹೊಗೆಯಾಡಿ, ಹುಲ್ಲು ಹೊತ್ತಿ, ಎತ್ತುಗಳ ಕೊರಳ ಹಗ್ಗ ಕೊಯ್ಯುವಷ್ಟರಲ್ಲಿ ನೊಗದವರೆಗೂ ಉರಿದಿತ್ತು. ಜೀವಮಾನವೆಲ್ಲ ಯಾವುದಕ್ಕೆ ಹೆದರಿ ನಡೆದಿದ್ದಳೋ ಅದನ್ನೇ ಆ ಬೆಳಿಗ್ಗೆ ಅವಳು ಬೇಕೆಂದು ಮಾಡಿದಳು. ನೆಲದಲ್ಲಿ ಕುಣಿ ತೋಡಿ, ಸುಣ್ಣದ ಹರಳುಗಳನ್ನು ತುಂಬಿ, ನಡುನಡುವೆ ಒಣಹುಲ್ಲು, ಹಳೆಯ ಕೌದಿಯ ಚಿಂದಿ ತುರುಕಿದಳು. ಮೊದಲ ಸಲ ಅವಸರಕ್ಕೆ ನೀರು ಹೆಚ್ಚಾಯಿತು. ಸುಣ್ಣ ಕೊತಕೊತ ಕುದಿದು ಗಂಜಿಯಾಯಿತು, ಹುಲ್ಲು ತೋಯ್ದುಹೋಯಿತು. ಎರಡನೆಯ ಸಲ ಕೈಯಿಂದ ಚಿಮುಕಿಸಿ, ಗೋಣಿ ಮುಚ್ಚಿ, ಪಕ್ಕದಲ್ಲೇ ಕುಳಿತಳು. ಹರಳುಗಳು ಒಳಗೊಳಗೇ ಸಿಡಿದವು. ಗೋಣಿ ಬಿಸಿಯಾಯಿತು, ಕಂದಿತು. ಬಿಳಿಯ ಹಬೆಯ ನಡುವೆ ಒಂದೆಳೆ ಹೊಗೆ ಎದ್ದಾಗ ಅವಳು ಮಂಡಿಯೂರಿ, ಸುಣ್ಣದ ಧೂಳು ಕಣ್ಣಿಗೆ ಹಾರುವುದನ್ನೂ ಲೆಕ್ಕಿಸದೆ ಊದಿದಳು. ಬಿಸಿಲೇರುವ ಹೊತ್ತಿಗೆ ಬಾಳವ್ವನ ಹೊರಸಿನ ಕೆಳಗೆ ಕೆಂಡವಿತ್ತು. ಕೂಸು ಅತ್ತಿತು.

ಆ ಅಳುವಿಗಿಂತ ಮೊದಲು ಊರಿಗೆ ಕಂಡದ್ದು ಹೊಗೆ. ಅಷ್ಟರಲ್ಲಿ ಊರೆಲ್ಲ ಓಕುಳಿಯಲ್ಲಿತ್ತು. ಗೌಡನ ಅಂಗಳದಲ್ಲಿ ಹಂಡೆಗಟ್ಟಲೆ ಕೆಂಪು ನೀರು ಕದಡಿ ಇಟ್ಟಿದ್ದರು. ಸುಣಗಾರರ ಮನೆಯ ಮೇಲೆ ಹೊಗೆ ಕಂಡ ಬರಮಗೌಡ, ಯಾರೋ ಕಾಮಣ್ಣನ ಬೆಂಕಿ ಕದ್ದಿದ್ದಾರೆಂದು ಕೂಗಾಡಿದ. ಹಂಡೆಗಳನ್ನು ಬಂಡಿಗೆ ಏರಿಸಿ, ಹಲಗೆ ಬಾರಿಸುತ್ತಾ, ಬಣ್ಣ ಮೆತ್ತಿದ ಮೋರೆಗಳ ಹಿಂಡು ಹಳ್ಳದ ದಂಡೆಗೆ ಬಂತು. ಹೊಳೆವ್ವ ಬಾಗಿಲಿಗೆ ಅಡ್ಡ ನಿಂತಳು.

"ಯಾರ ಕೊಟ್ರು ಬೆಂಕಿ? ಹೆಸರ ಹೇಳು!"

"ನೀವ ಹೇಳಿದ್ರೆಲ್ಲ ಗೌಡ್ರ, ಸೇದಕೋ ಅಂತ. ಸೇದಕೊಂಡ್ನಿ."

ಅವಳನ್ನು ನೂಕಿ, ಹೊರಸಿನ ಕೆಳಗಿನ ಕೆಂಡಕ್ಕೆ ಒಂದು ಕೊಡ ಓಕುಳಿ ಸುರಿದರು. ಬಾಳವ್ವ ಚೀರಿ ಕೂಸನ್ನೆತ್ತಿಕೊಂಡು ಗೋಡೆಗೆ ಆತು ನಿಂತಳು. ಗೌಡನಿಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ಭಟ್ಟಿಯ ಬಳಿ ಹುಲ್ಲುಚಪ್ಪರದಡಿ, ಆ ಹಂಗಾಮಿನ ಸುಟ್ಟ ಸುಣ್ಣವೆಲ್ಲ ಗುಡ್ಡದಂತೆ ಬಿದ್ದಿತ್ತು. ನೀರು ಬಿದ್ದರೆ ಅದು ಕೆಡುತ್ತದೆಂದಷ್ಟೇ ಅವನಿಗೆ ಗೊತ್ತಿತ್ತು. ಅವನ ಕಣ್ಣು ಅತ್ತ ಹೋದದ್ದನ್ನು ಹೊಳೆವ್ವ ಕಂಡಳು. ಮೂವತ್ತು ವರ್ಷದಿಂದ ಈ ಗೌಡನನ್ನು ಬಲ್ಲವಳು ಅವಳು. ಬೇಡವೆಂದದ್ದನ್ನೇ ಮಾಡುವುದು ಅವನ ಹುಟ್ಟುಗುಣ. ಅವಳು ಸೆರಗು ಬಿಗಿದು, ಊರೆಲ್ಲ ಕೇಳುವಂತೆ, ಸುಳ್ಳಿಲ್ಲದ ಮಾತನ್ನೇ ಹೇಳಿದಳು: "ಸುಣ್ಣಕ್ಕ ಮಾತ್ರ ನೀರ ಹಾಕಬ್ಯಾಡ್ರಿ ಗೌಡ್ರ. ಕೈ ಮುಗೀತೀನಿ, ಹಾಕಬ್ಯಾಡ್ರಿ."

"ಈಗ ಉರೀತು ನೋಡು ಇವಳ ಹೊಟ್ಟಿ!" ಎಂದು ಗೌಡ ತೊಡೆ ತಟ್ಟಿ ನಕ್ಕ. "ಹೊಯ್ರಲೇ! ಒಂದ ಹನಿ ಉಳಿಸಬ್ಯಾಡ್ರಿ!" ಮೊದಲ ಕೊಡ ತಾನೇ ಎತ್ತಿದ. ಹಂಡೆಗಳು ಬರಿದಾದವು. ಸ್ವಲ್ಪ ಹೊತ್ತು ರಾಶಿ ಸುಮ್ಮನಿತ್ತು. ಬಿಳಿಯ ಮೇಲೆ ಕೆಂಪು ಇಳಿಯುವುದನ್ನು ನೋಡಿ ಜನ ಕೇಕೆ ಹಾಕಿದರು. ಮೇಲಿನ ನೀರು ಹನಿಹನಿಯಾಗಿ ರಾಶಿಯ ಹೊಟ್ಟೆಗೆ ಇಳಿಯಿತು. ಆಮೇಲೆ ಅದು ಉಸಿರಾಡಿತು. ಹರಳುಗಳು ಗುಂಡಿನಂತೆ ಸಿಡಿದವು; ಬಿಸಿ ಹಬೆ ಬುಸ್ಸೆಂದು ಎದ್ದು ಹತ್ತಿರ ನಿಂತವರ ಮೋರೆಗೆ ಹೊಡೆಯಿತು. ತಳದ ಹುಲ್ಲು ಹೊತ್ತಿ, ಚಪ್ಪರ ಹೊತ್ತಿತು. ಕೊಡ ಹಿಡಿದಿದ್ದವರು ಗಾಬರಿಯಲ್ಲಿ ಇನ್ನಷ್ಟು ನೀರು ಹೊಯ್ದರು. ಹೊಯ್ದಷ್ಟೂ ಅದು ಹೆಚ್ಚಿತು. ಗಾಳಿ ಕಿಡಿಗಳನ್ನು ಗೌಡನ ಕಣಕ್ಕೆ ಹೊತ್ತೊಯ್ದು, ಅಲ್ಲಿನ ಜೋಳದ ಬಣವೆಗಳು ಒಂದಾದಮೇಲೊಂದು ಎದ್ದುರಿದವು.

ಬರಮಗೌಡನ ಕಣ್ಣಿಗೆ, ಕೈಗೆ ಕುದಿಸುಣ್ಣ ಸಿಡಿದಿತ್ತು. ಬೇಸಗೆಗೆ ಹಳ್ಳ ಬತ್ತಿತ್ತು; ತೊಳೆಯಲು ಹತ್ತಿರವಿದ್ದ ನೀರು ಒಂದೇ, ಹೊರಕೇರಿಯ ಬಾವಿಯದು. ಆಳುಗಳು ಅವನನ್ನು ಹೊತ್ತುಕೊಂಡು ಓಡಿದರು. ಬಾವಿಕಟ್ಟೆಯ ಮೇಲೆ ಹಗ್ಗ ಹಿಡಿದು ನಿಂತಿದ್ದ ಅದೇ ಹಿರಿಯ, ಕೊಡ ಸೇದುವ ಮೊದಲು ಕೇಳಿದನಂತೆ: "ನಮ್ಮ ಬಾವಿ ನೀರು ನಿಮಗ ನಡೀತೈತೇನ್ರಿ, ಗೌಡ್ರ?" ಗೌಡ ಹೂಂ ಎನ್ನುವವರೆಗೆ ಅವನು ಹಗ್ಗವನ್ನು ಬಾವಿಗೆ ಇಳಿಬಿಡಲಿಲ್ಲ. ಆ ಹೂಂ ಹೊರಡುವಷ್ಟರಲ್ಲಿ ಒಂದು ಕಣ್ಣು ಹೋಗಿತ್ತು ಎನ್ನುತ್ತಾರೆ. ಇತ್ತ ಜನ ದೂರ ಸರಿದು ನಿಂತು, ಇವಳು ನೀರಿಗೇ ಕಿಚ್ಚು ಹಚ್ಚಿದವಳು, ಕಿಚ್ಚವ್ವ, ಮಾರಿ ಎಂದು ಬೈಯುತ್ತಿದ್ದರು. ಬೈಗುಳವಾಗಿ ಹುಟ್ಟಿದ ಹೆಸರು ಅದು. ಹೊಳೆವ್ವ ಅವರತ್ತ ತಿರುಗಿ ನೋಡಲಿಲ್ಲ. ವರ್ಷದ ದುಡಿಮೆಯೆಲ್ಲ ಕಣ್ಣೆದುರು ಕೆಟ್ಟುಹೋಗುತ್ತಿತ್ತು. ಅವಳು ಉರಿದು ಬಿದ್ದ ಚಪ್ಪರದ ತೊಲೆಯಿಂದ ಬೋಕಿ ತುಂಬ ಕೆಂಡ ತುಂಬಿಕೊಂಡು, ಜನರ ನಡುವೆಯೇ ದಾರಿ ಮಾಡಿಕೊಂಡು ಒಳಗೆ ಹೋಗಿ, ಕದ ಹಾಕಿಕೊಂಡಳು. ತಡೆಯಲು ಒಬ್ಬರೂ ಕೈ ಎತ್ತಲಿಲ್ಲ.

ಮಗ ಸಂತೆಯಿಂದ ಬಂದ ಮೇಲೆ ಅವರು ಬಾಣಂತಿಯನ್ನೂ ಕೂಸನ್ನೂ ಕರೆದುಕೊಂಡು ಹೊಳೆಯಾಚೆ ಹೋದರು. ಮತ್ತೆ ಯಾವ ಸುಣಗಾರರೂ ಆ ಊರಿಗೆ ಬಂದು ನೆಲೆಸಲಿಲ್ಲ. ರಾಶಿ ಅರಳಿ, ಆರಿ, ಮಳೆಗೆ ಬಿಸಿಲಿಗೆ ಗಟ್ಟಿಯಾಗಿ ಇಂದಿನ ದಿಬ್ಬವಾಯಿತು. ಗೌಡರ ವಂಶದವರು ಇಂದಿಗೂ ಅದರ ಪಕ್ಕ ಹಾಯದೆ ಮೇಲಿನ ದಾರಿ ಹಿಡಿಯುತ್ತಾರೆ. ಹೋಳಿಯ ನಸುಕಿನಲ್ಲಿ ಕರಿಬೆಣಚಿಗೆ ಹೋದವರಿಗೆ ಒಂದು ನೋಟ ಕಾಣಸಿಗುತ್ತದೆ. ಕಾಮಣ್ಣ ಉರಿದು ಬಿದ್ದೊಡನೆ, ಬೇರೆ ಯಾರೂ ಕೆಂಡ ಮುಟ್ಟುವ ಮೊದಲು, ಗೌಡರ ಮನೆಯವನೊಬ್ಬ ಬೋಕಿಯಲ್ಲಿ ಕೆಂಡ ಹೊತ್ತು ಊರಿನ ಬಾಣಂತಿಯರ ಮನೆಗಳಿಗೆ ನಡೆಯುತ್ತಾನೆ. ಮನೆ ಯಾವ ಕೇರಿಯದೆಂದು ಕೇಳುವುದಿಲ್ಲ. ಮಾತು ಬಿಟ್ಟ ದಾಯಾದಿಯ ಮನೆಯಾದರೂ ಸರಿ. ಹೊಸ್ತಿಲ ಹೊರಗೆ ಇಟ್ಟು, ಒಂದು ಮಾತೂ ಆಡದೆ, ಮುಖ ತಿರುಗಿಸಿ ಹೊರಟುಬಿಡುತ್ತಾನೆ. ನೋಡಲು ಬಂದವರು ಎಂಥ ದೊಡ್ಡ ಮನಸ್ಸು ಎನ್ನುತ್ತಾರೆ. ಒಳಗಿನಿಂದ ಅಗುಳಿ ತೆಗೆಯುವ ಮುದುಕಿಯರಿಗೆ ನಿಜ ಗೊತ್ತು: ಆ ಕೆಂಡ ತರಿಸುವುದು ಕಿಚ್ಚವ್ವನ ಭಯ. ಅವನ ಹೆಜ್ಜೆಯ ಸದ್ದು ಪೂರ್ತಿ ಅಡಗುವವರೆಗೆ ಅವರು ಕದ ತೆರೆಯುವುದಿಲ್ಲ.