ಉಸಿರು ಮುರಿದ ಜಾಗ

ಶಿಷ್ಯ ಕೇಳಿದ: "ಗುರುಗಳೇ, ಪಶ್ಚಿಮದವರು ಹಾಳೆ ನೋಡಿಕೊಂಡು ಹಾಡುತ್ತಾರಂತೆ. ಬಾಯಿಂದ ಬಾಯಿಗೆ ಬರಬೇಕಾದದ್ದನ್ನು ಬರೆದಿಟ್ಟರೆ ವಿದ್ಯೆ ಸಣ್ಣದಾಗುವುದಿಲ್ಲವೇ?"

ಗುರು ತಂಬೂರಿಯನ್ನು ಗೋಡೆಗೆ ಒರಗಿಸಿ ಹೇಳಿದರು:

ಅವರೂ ಮೊದಲು ನಮ್ಮ ಹಾಗೆಯೇ ಇದ್ದರು. ಸಾವಿರ ವರ್ಷದ ಹಿಂದೆ ಅಲ್ಲಿಯ ಒಂದು ಕ್ರೈಸ್ತ ಮಠದಲ್ಲಿ ಒಬ್ಬ ಮುದಿ ಗಾಯಕನಿದ್ದ. ವರ್ಷವಿಡೀ ಹಾಡುವ ಪ್ರಾರ್ಥನೆಗಳೆಲ್ಲ ಅವನಿಗೆ ಬಾಯಿಪಾಠ. ಒಬ್ಬ ಸನ್ಯಾಸಿಗೆ ಅವನ್ನು ಕಲಿಸಲು ಹತ್ತು ವರ್ಷ ಹಿಡಿಯುತ್ತಿತ್ತು. ಅವನಿಗೆ ಜಂಬವಿತ್ತು. ಇರಲಿ ಬಿಡು, ಅಷ್ಟನ್ನು ಹೊತ್ತವನಿಗಲ್ಲದೆ ಜಂಬ ಇನ್ಯಾರಿಗೆ ಇರಬೇಕು?

ಅದೇ ಮಠದಲ್ಲಿ ಗ್ರಂಥ ಬರೆಯುವ ಸನ್ಯಾಸಿಯೊಬ್ಬ ಹದಮಾಡಿದ ಕುರಿಚರ್ಮದ ಹಾಳೆಯ ಮೇಲೆ ನಾಲ್ಕು ಗೆರೆ ಎಳೆದ. ಸ್ವರ ಏರಿದರೆ ಮೇಲಿನ ಗೆರೆಗೆ ಚುಕ್ಕೆ, ಇಳಿದರೆ ಕೆಳಗಿನ ಗೆರೆಗೆ. ಎಂದೂ ಕೇಳದ ಹಾಡನ್ನೂ ಇದನ್ನು ನೋಡಿ ಹಾಡಬಹುದು ಎಂದ.

ಮುದುಕ ನಕ್ಕುಬಿಟ್ಟ. "ಈಜುವುದನ್ನು ಬರೆದುಕೊಂಡು ಹೊಳೆ ದಾಟಿದವರುಂಟೇನಯ್ಯ? ನನ್ನ ಗುರುವಿನ ಹಾಡೊಂದನ್ನು ಹಾಡುತ್ತೇನೆ, ಬರೆದುಕೋ. ಅದನ್ನು ಕೇಳಿಯೇ ಇರದವನೊಬ್ಬನಿಂದ ಹಾಡಿಸು. ಹಾಡಿದರೆ ನಿನ್ನ ಗೆರೆ ಉಳಿಯಲಿ. ಇಲ್ಲವಾದರೆ ಒಲೆಗೆ."

ಮುದುಕ ಹಾಡಿದ, ಇವನು ಬರೆದ. ದೂರದ ಮಠದಿಂದ ಒಬ್ಬ ತರುಣ ಸನ್ಯಾಸಿಯನ್ನು ಕರೆಸಿದರು. ಕಮ್ಮಾರನ ತಿದಿಯಂಥ ಎದೆ ಅವನದು. ಎಲ್ಲರ ಮುಂದೆ ಹಾಳೆ ಹಿಡಿದು ಹಾಡಿದ. ಬರೆದ ಒಂದು ಸ್ವರವೂ ತಪ್ಪಲಿಲ್ಲ. ಕೂತವರು ತಲೆದೂಗಿದರು.

ಮುದುಕ ಮಾತ್ರ ತಲೆದೂಗಲಿಲ್ಲ. ಸ್ವರ ಮೇಲಕ್ಕೆ ಹತ್ತುವ ಒಂದು ಕಡೆ ತರುಣ ಅರ್ಧದಲ್ಲೇ ನಿಂತು, ಉಸಿರೆಳೆದು, ಮತ್ತೆ ಕೆಳಗಿನಿಂದ ಹತ್ತಿದ್ದ.

"ಇಷ್ಟು ಉಸಿರಿರುವವನು ಅಲ್ಲೇಕೆ ನಿಂತೆಯಪ್ಪ?"

"ಹಾಳೆಯಲ್ಲಿ ಹಾಗೇ ಇದೆ, ಹಿರಿಯರೇ."

ಮುದುಕನಿಗೆ ಆಗ ನೆನಪಾಯಿತು. ಅವನ ಗುರು ಅದನ್ನು ಒಂದೇ ಉಸಿರಿನಲ್ಲಿ ಹತ್ತುತ್ತಿದ್ದರು. ಮೂವತ್ತು ವರ್ಷದ ಹಿಂದೆ ತನಗೆ ಎದೆಯ ಕಾಯಿಲೆ ಬಂದಾಗ ಮುದುಕ ಆ ಜಾಗದಲ್ಲಿ ಉಸಿರಿಗಾಗಿ ನಿಂತಿದ್ದ. ಗುಣವಾದ ಮೇಲೆ ಸರಿಮಾಡಿದರಾಯಿತು ಎಂದುಕೊಂಡಿದ್ದ. ಮರೆತ. ಇಡೀ ಮಠಕ್ಕೆ ಹಾಗೆಯೇ ಕಲಿಸಿದ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಮನೆಗೆ ಹೋಗಬಹುದಿತ್ತು. ಆದರೆ ಗುರುವಿನ ಹೆಸರಿನಲ್ಲಿ ಶಿಷ್ಯನ ಏದುಸಿರು ಆ ಹಾಳೆಯಲ್ಲಿ ಎಂದೆಂದಿಗೂ ಉಳಿಯುತ್ತಿತ್ತು. ಅವನಿಗೆ ಅದನ್ನು ತಾಳಲಾಗಲಿಲ್ಲ.

ಎದ್ದು ನಿಂತ. "ಅಲ್ಲಿ ಉಸಿರು ಮುರಿದದ್ದು ನನ್ನ ಗುರುವಿನದಲ್ಲ, ನನ್ನದು. ನಿಮಗೆಲ್ಲ ತಪ್ಪು ಕಲಿಸಿದ್ದೇನೆ. ಕೆರೆದುಹಾಕಯ್ಯ."

ಬರೆಯುವವನು ಚಾಕುವಿನಿಂದ ಆ ಚುಕ್ಕೆಗಳನ್ನು ಕೆರೆದ. ಒಂದೇ ಉಸಿರಿನಲ್ಲಿ ಹಾಡಿ ತೋರಿಸಲು ಮುದುಕನಿಗೆ ಆಗಲಿಲ್ಲ. ಒಂದೊಂದೇ ಸ್ವರ ಹೇಳಿ ಬರೆಸಿದ. ತರುಣ ಮತ್ತೆ ಹಾಡಿದ. ಈ ಸಲ ಎಲ್ಲಿಯೂ ನಿಲ್ಲದೆ ಮೇಲೆ ಹತ್ತಿದ. ಮೂವತ್ತು ವರ್ಷದ ಮೇಲೆ ಮುದುಕನ ಕಿವಿಗೆ ಗುರುವಿನ ಹಾಡು ಬಿತ್ತು. ಅಳುತ್ತಲೇ ಎದೆಯುಬ್ಬಿಸಿ, "ಕೇಳಿದಿರಾ! ನನ್ನ ಗುರು ಹಾಡುತ್ತಿದ್ದುದು ಹೀಗೆ!" ಎಂದ.

ಮಠಕ್ಕೆ ಯಾರೇ ಬರಲಿ, ಚಿನ್ನದ ಅಕ್ಷರದ ಗ್ರಂಥಗಳಿಗಿಂತ ಮೊದಲು ಅಲ್ಲಿಯವರು ಆ ಹಾಳೆಯನ್ನು ತಂದು, ಕೆರೆದು ತೆಳ್ಳಗಾದ ಜಾಗವನ್ನು ಹೆಮ್ಮೆಯಿಂದ ತೋರಿಸುತ್ತಿದ್ದರು.

ಶಿಷ್ಯ ಹೇಳಿದ: "ನಮಗೆ ಆ ಭಯವಿಲ್ಲ, ಗುರುಗಳೇ. ನೀವು ಕಲಿಸಿದ್ದೆಲ್ಲ ನಿಮ್ಮ ಗುರುಗಳು ಹಾಡಿದ ಹಾಗೆಯೇ ಇದೆಯಲ್ಲ."

ಗುರು ಹೇಳಿದರು: "ಅದರಲ್ಲಿ ನನ್ನ ಗುರುವಿನದೆಷ್ಟು, ನನ್ನ ಏದುಸಿರೆಷ್ಟು ಎಂದು ನನಗೇ ಗೊತ್ತಿಲ್ಲ, ನಾಳೆ ಬರುವಾಗ ಹಾಳೆ ತಾ."